ಗೌರತ್ತೆಯ ಎಡಗಾಲಿಗೆ ಒಂದು ಸೀಟು

ಬರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು. ಇದರಲ್ಲಿ ಕೆಲವು ಸಂಗತಿಗಳು ನಾನು ಹೇಳುವ ಹಾಗೆಯೇ ನಡೆದಿರಲಿಕ್ಕಿಲ್ಲ. ನಾವು ಎಂಬತ್ತನೇ ಇಸವಿಯಲ್ಲಿ ಇಂಗ್ಲೆಂಡಿಗೆ ಹೋಗಿ ಬಂದು ಐದಾರು ವರ್ಷಗಳಾದವು. ಅಷ್ಟರಲ್ಲಿ ಈ ಕಥೆಯನ್ನು ಮದುವೆ ಮನೆಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕಡೂರಿನ ಪ್ಲಾಟ್‌ಫಾರಂ ಮೇಲೆ ಎಷ್ಟು ಸಲ ಹೇಳಿದ್ದೇನೆಂದರೆ, ನಡೆದದ್ದು ಯಾವುದು, ಕೇಳುವವರು ನಗಲಿ ಎಂದು ನಾನು ಸೇರಿಸಿದ್ದು ಯಾವುದು ಎಂದು ಈಗ ನನಗೇ ಖಾತ್ರಿಯಿಲ್ಲ. ದಿನಚರಿ ಬರೆಯುವ ಅಭ್ಯಾಸ ಉಂಟು, ನಿಜ. ಆದರೆ ಆ ದಿನಚರಿ ಬರೆದವಳೂ ನಾನೇ. ಅವಳನ್ನೂ ಪೂರ್ತಿ ನಂಬಬೇಕಾಗಿಲ್ಲ.

ಇಷ್ಟಂತೂ ನಿಜ. ಹೋದವರು ಮೂವರು: ನಾನು, ನನ್ನ ಸೋದರತ್ತೆ ಗೌರಮ್ಮ, ಚಿಕ್ಕಪ್ಪ ರುದ್ರಪ್ಪ. ಅತ್ತೆಯ ಮಗಳು ವಿಮಲಾಗೆ ಅಲ್ಲಿ ಮೊದಲ ಹೆರಿಗೆ. ಅವಳ ಗಂಡ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅತ್ತೆ ಬಾಣಂತನಕ್ಕೆ ಹೊರಟಳು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಬೇಸಿಗೆ ರಜೆ. ಹಾಗಾಗಿ ನಾನು ಹೊರಟೆ. ಚಿಕ್ಕಪ್ಪನನ್ನು ಯಾರೂ ಕರೆದಿರಲಿಲ್ಲ. "ಅಲ್ಲಿಯ ದನ ಹೆಂಗವೆ ಅಂತ ಒಂದ್ಸಲ ನೋಡ್ಬೇಕು ಕಣೇ ಉಮಾ" ಎಂದು ತಾನೇ ಹೊರಟು ನಿಂತ.

ಅಜ್ಜಂಪುರ

ಅತ್ತೆಯ ಎಡ ಮಂಡಿ ಮಡಚುವುದಿಲ್ಲ. ಚೌಳಹಿರಿಯೂರಿಗೆ ಸೊಸೆಯಾಗಿ ಹೋದ ಹೊಸದರಲ್ಲಿ ಹುಲ್ಲಿನ ಬಣವೆ ಮೇಲಿಂದ ಬಿದ್ದು, ಮೂಳೆ ಕೂಡಿಸುವವನು ಕಟ್ಟಿದ ಕಟ್ಟು ಹೆಚ್ಚು ಕಡಿಮೆಯಾಗಿ, ಕಾಲು ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತು. ನಡೆಯಲು ಅಡ್ಡಿಯಿಲ್ಲ. ಕೂತಾಗ ಮಾತ್ರ ಅದನ್ನು ಚಾಚಲು ಎಡಗಡೆ ಜಾಗ ಬೇಕು. ಬಸ್ಸಿನಲ್ಲಿ ಎರಡು ಗಂಟೆ ಒತ್ತಿಕೊಂಡು ಕೂತರೆ ತೊಡೆಯವರೆಗೆ ಊದಿಕೊಳ್ಳುತ್ತದೆ.

ಆ ಕಾಲಿಗೆ ನಮ್ಮ ಮನೆತನದಲ್ಲಿ ಇನ್ನೊಂದು ಖ್ಯಾತಿಯೂ ಇತ್ತು. ಎಳೆಮಕ್ಕಳಿಗೆ ಎರೆಯುವವರು ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹುಯ್ಯುತ್ತಾರೆ. ಸ್ವಲ್ಪ ಹೊತ್ತಿಗೆ ಬೇರೆಯವರ ಕಾಲು ನಡುಗುತ್ತದೆ, ಮಂಡಿ ಏಳುತ್ತದೆ. ಅತ್ತೆಯದು ಅಲ್ಲಾಡುವುದಿಲ್ಲ. ನಾನು, ವಿಮಲಾ, ಆಮೇಲಿನ ಮಕ್ಕಳೆಲ್ಲ ಆ ಕಾಲ ಮೇಲೆ ಮಲಗಿ ಅತ್ತವರೇ.

"ಅಲ್ಲಿಗೆ ಹೋಗ್ತಿರೋದು ನಾನಲ್ಲ ಕಣೇ, ನನ್ನ ಕಾಲು" ಎನ್ನುತ್ತಿದ್ದಳು ಅತ್ತೆ. "ಅದೊಂದು ಚೆಂದಾಗಿ ಹೋಗಿ ಸೇರಿದ್ರೆ ಸಾಕು. ಮಗೀಗೆ ಎರೆಯೋಕೆ ಅಲ್ಲಿ ಯಾರವ್ರೆ?"

ಹೀಗಾಗಿ ವಿಮಾನದಲ್ಲಿ ಯಾವ ಸೀಟು ಎಂಬುದೇ ಪಾಸ್‌ಪೋರ್ಟಿಗಿಂತ ದೊಡ್ಡ ಪ್ರಶ್ನೆಯಾಯಿತು. ಚಿಕ್ಕಪ್ಪ ಅದನ್ನು ತನ್ನ ಕೈಗೆ ತೆಗೆದುಕೊಂಡ. ಅವನು ಅಜ್ಜಂಪುರದ ದನದ ಫಾರಂನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೋರಿಗಳನ್ನು ರೈಲು ವ್ಯಾಗನ್ನಿಗೆ ಹತ್ತಿಸಿ ದೂರದ ಊರುಗಳಿಗೆ ತಲುಪಿಸಿ ಬರುವುದು ಅವನ ಕೆಲಸವಾಗಿತ್ತು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಒಂದು ವ್ಯಾಗನ್ ಬರೆದ.

"ನೋಡು, ಗಾಲಿ ಮ್ಯಾಲೆ ನಿಂತ ದನ ಊರು ಸೇರೋ ಹೊತ್ಗೆ ಸೊರಗೋಗಿರ್ತದೆ. ನಟ್ಟನಡುವೆ ನಿಂತಿದ್ದು ಇಳಿದ ತಕ್ಷಣ ಹುಲ್ಲಿಗೆ ಬಾಯಿ ಹಾಕ್ತದೆ. ವಿಮಾನಕ್ಕೆ ಗಾಲಿ ಎಲ್ಲೈತೆ?"

"ಚಿಕ್ಕಪ್ಪ, ಅದು ಹಾರುತ್ತೆ. ಗಾಲಿ ಮಡಚಿ ಒಳಗಿಟ್ಕೊಂಡಿರುತ್ತೆ."

"ಮಡಚಿಟ್ಕೊಂಡ್ರೆ ಭಾರ ಎಲ್ಲಿಗೆ ಹೋಗ್ತದೆ?"

ಅವನು ಮುಂದುವರಿಸಿದ. "ಇನ್ನೊಂದು. ಕಾಲು ನೋವಿರೋ ದನಾನ ಗುಂಪಿಗೆ ಒರಗಿಸಿ ನಿಲ್ಲಿಸ್ಬಾರ್ದು. ನೋವಿನ ಕಾಲು ಖಾಲಿ ಜಾಗದ ಕಡೀಗಿರ್ಬೇಕು. ಅಕ್ಕನ ಎಡಗಡೆ ಜನ ಓಡಾಡೋ ದಾರಿ ಬರ್ಬೇಕು. ಅಷ್ಟಾದ್ರೆ ಮುಗೀತು."

ಒಳಗಿನಿಂದ ಅತ್ತೆ ಕೂಗಿದಳು. "ಲೇ ರುದ್ರಾ, ನನ್ನ ಯಾವ ಸಂತೆಗೆ ಹೊಡ್ಕೊಂಡು ಹೋಗ್ತಿದೀಯೋ?"

ನಾನು ನಗಲಿಲ್ಲ. ಎಂ.ಎ. ಮಾಡಿದವಳು ಸೀಟು ಆರಿಸಲು ದನದ ವ್ಯಾಗನ್ನಿನ ಲೆಕ್ಕ ಕೇಳಬೇಕೇ ಎಂದು ಕಸಿವಿಸಿಯಾಗಿತ್ತು. ಆ ಲೆಕ್ಕದಲ್ಲಿ ತಪ್ಪೇನೂ ಕಾಣದೆ ಇನ್ನಷ್ಟು ಅನುಮಾನ ಬಂತು.

ಕಡೂರು

ಹೊರಡುವ ವಾರ ಕಡೂರಿನಲ್ಲಿ ಎಲ್ಲರೂ ನನಗೆ ಸೀಟಿನ ಬಗ್ಗೆ ಬುದ್ಧಿ ಹೇಳುವವರೇ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, "ಬಿದ್ರೆ ಮೂತಿ ಮುಂದಾಗಿ ಬೀಳೋದು ಮೇಡಂ, ಬಾಲದಲ್ಲಿ ಕೂತ್ಕೊಳಿ" ಎಂದರು. ಬಸ್ ಸ್ಟ್ಯಾಂಡಿನ ಎದುರಿನ ಕೊಬ್ಬರಿ ಮಂಡಿಯವರು, "ಮುಂದೆ ಕೂತ್ರೆ ಮೊದ್ಲು ಇಳೀಬೋದು ಕಣ್ರೀ" ಎಂದರು. ನನ್ನ ಬಾಡಿಗೆ ಮನೆಯ ಒಡತಿ, ಕಿಟಕಿ ಪಕ್ಕ ಮಾತ್ರ ಬೇಡ, ಅದು ತೆರೆದುಕೊಂಡರೆ ಎಳೆದುಕೊಂಡುಬಿಡುತ್ತದೆ ಎಂದಳು. ಇವರಲ್ಲಿ ಒಬ್ಬರೂ ವಿಮಾನದ ಮೆಟ್ಟಿಲನ್ನು ಮುಟ್ಟಿದವರಲ್ಲ. ಆದರೆ ಒಬ್ಬರ ದನಿಯಲ್ಲೂ ಅಳುಕಿರಲಿಲ್ಲ. ಎಲ್ಲರ ಮಾತನ್ನೂ ದಿನಚರಿಯಲ್ಲಿ ಬರೆದುಕೊಂಡು ಪ್ರತಿಯೊಂದರ ಮುಂದೆಯೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಚಿಕ್ಕಪ್ಪನ ಮಾತಿನ ಮುಂದೆ ಎರಡು.

ಟಿಕೆಟ್ ಕೊಟ್ಟ ಏಜೆಂಟನನ್ನು ಕೇಳಿದರೆ, ಸೀಟು ಕೊಡುವುದು ಅವತ್ತೇ, ಕೌಂಟರಿನಲ್ಲಿ, ಮೊದಲು ಬಂದವರಿಗೆ ಮೊದಲು ಎಂದ. ಚಿಕ್ಕಪ್ಪನಿಗೆ ಇದು ಚೆನ್ನಾಗಿ ಅರ್ಥವಾಯಿತು. ನಮ್ಮ ಕಡೆ ಬಸ್ಸು ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಸ ಟವೆಲೊಂದನ್ನು ಹೆಗಲ ಮೇಲೆ ಹಾಕಿಕೊಂಡೇ ರೈಲು ಹತ್ತಿದ.

ಬೊಂಬಾಯಿ

ಬೆಳಗಿನ ವಿಮಾನಕ್ಕೆ ಹಿಂದಿನ ಸಂಜೆಯೇ ಹೋಗಿ ಕೂತೆವು. ಕೌಂಟರ್ ತೆರೆದಾಗ ಸಾಲಿನಲ್ಲಿ ನಾವೇ ಮೊದಲು.

ಆಗ ಕಂಪ್ಯೂಟರಿನಲ್ಲಿ ಸೀಟು ಕೊಡುತ್ತಿರಲಿಲ್ಲ. ನಮ್ಮ ಕೌಂಟರಿನಲ್ಲಂತೂ ಇಲ್ಲ. ಒಂದು ದೊಡ್ಡ ರಟ್ಟಿನ ಮೇಲೆ ವಿಮಾನದ ನಕ್ಷೆ, ಒಂದೊಂದು ಸೀಟಿಗೂ ಒಂದೊಂದು ಚಿಕ್ಕ ಅಂಟುಚೀಟಿ. ಹುಡುಗಿ ಅದನ್ನು ಕಿತ್ತು ನಮ್ಮ ಬೋರ್ಡಿಂಗ್ ಕಾರ್ಡಿಗೆ ಅಂಟಿಸುತ್ತಿದ್ದಳು. ಸಿಗರೇಟು ಸೇದುವವರ ಕಡೆಯೋ ಸೇದದವರ ಕಡೆಯೋ ಎಂದು ಕೇಳಿದಳು. ಸೇದುವವರದು ಎಲ್ಲಿ ಎಂದರೆ, ಬಾಲದಲ್ಲಿ. ಭೌತಶಾಸ್ತ್ರದವರ ಹೆಸರಿಗೆ ಮನಸ್ಸಿನಲ್ಲೇ ಒಂದು ಗೀಟು ಹಾಕಿದೆ.

ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಜಪ ಮಾಡುತ್ತಿದ್ದ. "ನಡುಮಧ್ಯ. ಎಡಗಡೆ ದಾರಿ. ನಡುಮಧ್ಯ. ಎಡಗಡೆ ದಾರಿ."

"ಗೊತ್ತು ಸುಮ್ನಿರು" ಎಂದೆ.

ಸಾಲಿಗೆ ಹತ್ತು ಸೀಟು: ಈ ಪಕ್ಕ ಮೂರು, ಮಧ್ಯದಲ್ಲಿ ನಾಲ್ಕು, ಆ ಪಕ್ಕ ಮೂರು. ನಡುವೆ ಎರಡು ದಾರಿ. ನಾನು ನಕ್ಷೆ ನೋಡಿ, ರೆಕ್ಕೆಯ ಹತ್ತಿರ ಒಂದು ಪಕ್ಕದ ಮೂರು ಸೀಟಿನ ಮೇಲೆ ಬೆರಳಿಟ್ಟೆ. ಆ ರಟ್ಟು ಹುಡುಗಿಯ ಕಡೆಗೆ ಮುಖ ಮಾಡಿತ್ತು. ವಿಮಾನದ ಮೂತಿ ಅವಳ ಕಡೆ ಇದೆಯೋ ನನ್ನ ಕಡೆ ಇದೆಯೋ ಎಂದು ನಾನು ನೋಡಲಿಲ್ಲ. ನೋಡಲಿಲ್ಲ ಎಂದು ಈಗ ಹೇಳುತ್ತಿದ್ದೇನೆ. ಆಮೇಲೆ ಬಹಳ ದಿನ, ಆ ಹುಡುಗಿಯೇ ಬೇಕೆಂದು ಬೇರೆ ಸೀಟು ಕೊಟ್ಟಳು ಎನ್ನುತ್ತಿದ್ದೆ.

ಅಂಟುಚೀಟಿಯ ಮೇಲೆ ಚಿಕ್ಕಪ್ಪನಿಗೆ ನಂಬಿಕೆ ಬರಲಿಲ್ಲ. "ಅಂಟು ಬಿಟ್ಟೋದ್ರೆ? ಯಾರ ಸೀಟು ಯಾರ್ದು?" ಎಂದು ಮೂರೂ ಕಾರ್ಡಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ವಿಮಾನದ ಬಾಗಿಲವರೆಗೆ ನಡೆದ.

ಮೇಲೆ

ಒಳಗೆ ಹೋಗಿ ನೋಡಿದರೆ ಸಾಲು ಸರಿ, ರೆಕ್ಕೆ ಸರಿ, ಪಕ್ಕ ತಪ್ಪು. ದಾರಿ ಅತ್ತೆಯ ಬಲಕ್ಕೆ ಬರುತ್ತಿತ್ತು. ಮಡಚಬಲ್ಲ ಬಲಗಾಲಿಗೆ ಬೇಕಾದಷ್ಟು ಜಾಗ. ಮಡಚದ ಎಡಗಾಲಿಗೆ ಮುಂದಿನ ಸೀಟಿನ ಬೆನ್ನು.

ಚಿಕ್ಕಪ್ಪ ನನ್ನನ್ನೇ ನೋಡಿದ. "ಎಡ ಬಲ ತಪ್ಪೋಯ್ತಲ್ಲೇ."

"ಅವಳು ಕೊಟ್ಟಿದ್ದು ಹಾಗೆ" ಎಂದೆ.

ವಿಮಾನ ತುಂಬಿತ್ತು. ಗಗನಸಖಿ, ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಅವಸರ ಮಾಡಿದಳು. ಅತ್ತೆ ಓರೆಯಾಗಿ ಕೂತು, ಎಡಗಾಲನ್ನು ಬಲಗಾಲಿನ ಮೇಲಿಂದ ದಾಟಿಸಿ ದಾರಿಗೆ ಚಾಚಿದಳು. ಸೊಂಟ ಒಂದು ಕಡೆ, ಮುಖ ಒಂದು ಕಡೆ. "ಇರ್ಲಿ ಬಿಡ್ರೇ, ಎತ್ತಿನ ಗಾಡೀಲಿ ಇದಕ್ಕಿಂತ ಕಷ್ಟ" ಎಂದಳು.

ದಾರಿಯ ಆಚೆ, ಅತ್ತೆಯ ಕೈಗೆಟುಕುವಷ್ಟು ಹತ್ತಿರದಲ್ಲಿ, ಮಧ್ಯದ ಸಾಲಿನ ಮೊದಲ ಸೀಟಿನಲ್ಲಿ ಒಬ್ಬ ಬಿಳಿಯ ಕೂತಿದ್ದ. ಅರವತ್ತು ದಾಟಿರಬೇಕು. ಬಿಳಿ ಮೀಸೆ, ಕಂದು ಕೋಟು. ನಾವು ಬರುವ ಮೊದಲೇ ಬಂದು ಕೂತಿದ್ದ. ಅವನ ಎಡಗಡೆಗೆ ಅದೇ ದಾರಿ. ಅಂದರೆ ನಮಗೆ ಬೇಕಾಗಿದ್ದ ಸೀಟು ಅದೇ.

ಸೂರ್ಯ ಏರಿದ ಮೇಲೆ ಅತ್ತೆ ಪೂಜೆಗೆ ಎದ್ದಳು. ಲಿಂಗಪೂಜೆಯಾಗದೆ ಅವಳು ಬಾಯಿಗೆ ಏನೂ ಹಾಕುವವಳಲ್ಲ. ಮುಖ ತೊಳೆಯಲು ಹೋದರೆ ಅಲ್ಲಿಯ ಪುಟ್ಟ ಬಾಗಿಲು ಅವಳ ಕಾಲು ಅಡ್ಡ ಬಂದು ಮುಚ್ಚಲಿಲ್ಲ. ನಾನು ಸೆರಗು ಹರಡಿ ಪರದೆ ಹಿಡಿದು ನಿಂತೆ. ಬಂದು ಕೂತು, ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿದಳು. ಗಗನಸಖಿ ಆ ಬೂದಿಯನ್ನು ನೋಡಿ ಸಿಗರೇಟಿನದೆಂದು ತಿಳಿದು, ಇದು ಸೇದುವ ಜಾಗವಲ್ಲ ಎಂದು ನನಗೆ ಹೇಳಿದಳು. ನಾನು ವಿವರಿಸುವಷ್ಟರಲ್ಲಿ ತಿಂಡಿಯ ಗಾಡಿ ಬಂತು. ಆಗ ಆ ಬಿಳಿಯ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಅತ್ತೆ ನೀರಿಗಾಗಿ ಆಚೀಚೆ ನೋಡಿದಾಗ ತಾನು ಕುಡಿಯದೆ ಇಟ್ಟಿದ್ದ ನೀರಿನ ಲೋಟ ಚಾಚಿದ. ಅತ್ತೆ ಇಸಿದುಕೊಂಡಳು.

ಚಿಕ್ಕಪ್ಪ ಮೆಲ್ಲಗೆ ಹೇಳಿದ. "ಗುರುತಿಲ್ಲ ಪರಿಚಯವಿಲ್ಲ. ಯಾಕ್ ಇಷ್ಟೊಂದು ಮರ್ಯಾದೆ ತೋರಿಸ್ತಾನೆ? ಇವ್ನಿಗೆ ನಮ್ಮಿಂದ ಏನೋ ಬೇಕಾಗೈತೆ."

"ನೀರು ಕೊಟ್ರೆ ಏನ್ ಬೇಕಾಗಿರ್ತದೋ ನಿನಗೆ" ಎಂದಳು ಅತ್ತೆ.

ನಾನು ಚಿಕ್ಕಪ್ಪನ ಪಕ್ಷ. ಅಷ್ಟು ಹೊತ್ತಿಗೆ ಆ ಮನುಷ್ಯ ಅತ್ತೆಯ ಕಾಲನ್ನು ನಾಲ್ಕೈದು ಸಲ ನೋಡಿದ್ದನ್ನು ನಾನು ಗಮನಿಸಿದ್ದೆ. ಹೆಂಗಸಿನ ಕಾಲನ್ನು ಹಾಗೆ ನೋಡುವುದು ಯಾವ ದೇಶದ ನಡತೆ?

ಮರಳುಗಾಡಿನ ನಿಲ್ದಾಣ

ಮಧ್ಯದಲ್ಲಿ ಒಂದು ಕಡೆ ವಿಮಾನ ಇಳಿಯಿತು. ಕಿಟಕಿಯ ಹೊರಗೆ ಮರಳು, ಬಿಸಿಲು, ಬೇರೇನೂ ಇಲ್ಲ. ಒಂದು ಗಂಟೆ ಸಮಯವಿದೆ, ಬೇಕಾದವರು ಇಳಿದು ಓಡಾಡಿ ಬರಬಹುದು ಎಂದರು. ಜನ ದಡದಡ ಇಳಿದು ಹೋದರು.

"ಒಂದೀಟು ನಡೆದ್ರೆ ಕಾಲು ಹಗುರಾಗ್ತದೆ ಕಣ್ರೇ" ಎಂದಳು ಅತ್ತೆ.

ಚಿಕ್ಕಪ್ಪ ಒಪ್ಪಲಿಲ್ಲ. "ಬೀರೂರಲ್ಲಿ ಟೀ ಕುಡಿಯೋಕೆ ಇಳಿದು ಶಿವಮೊಗ್ಗದವರ್ಗೂ ನಿಂತ್ಕೊಂಡು ಹೋದೋನು ನಾನು. ಇಳಿದ್ರೆ ಸೀಟು ಹೋಯ್ತು."

"ಇಲ್ಲಿ ನಂಬರಿದೆ ಚಿಕ್ಕಪ್ಪ."

"ನಂಬರು ಅಂಟಿಸಿರೋದಲ್ವಾ?"

ನಮ್ಮ ಕಡೆ ಮೂವರು ಉಳಿದೆವು. ಆಚೆ ಆ ಬಿಳಿಯನೂ ಇಳಿಯಲಿಲ್ಲ. ಅದೂ ನನಗೆ ಅನುಮಾನ ತಂದಿತು. ಎಲ್ಲರೂ ಹೋದ ಮೇಲೆ ಇವನೊಬ್ಬ ಯಾಕೆ ಕೂತ?

ಆಗಲೇ ಅವನು ಬಾಗಿ ನನ್ನ ಕಡೆ ನೋಡಿ ಮಾತಾಡಿದ. ಅವನದು ನಾನು ಪುಸ್ತಕದಲ್ಲಿ ಓದಿದ ಇಂಗ್ಲಿಷಾಗಿರಲಿಲ್ಲ. ಅರ್ಧ ಮೂಗಿನಲ್ಲಿ, ಅರ್ಧ ಮೀಸೆಯಲ್ಲಿ. ತನ್ನ ಸೀಟು ತೋರಿಸಿದ, ಅತ್ತೆಯ ಸೀಟು ತೋರಿಸಿದ. ಬದಲಾಯಿಸಿಕೊಳ್ಳೋಣ, ಇಬ್ಬರಿಗೂ ಒಳ್ಳೆಯದು ಎಂಬಷ್ಟು ನನಗೆ ತಿಳಿಯಿತು. ಆಮೇಲೆ ಅವನು ತನ್ನ ಬಲ ತೊಡೆಯನ್ನು ಎರಡು ಸಲ ತಟ್ಟಿದ.

ನಮ್ಮ ಕಡೆ ತೊಡೆ ತಟ್ಟುವುದು ಅಖಾಡದಲ್ಲಿ. ಇಲ್ಲವೇ ಬಯಲಾಟದಲ್ಲಿ ಖಳ ಬಂದು ಹೆಂಗಸನ್ನು ಕೆಣಕುವಾಗ. ನಾನು ಸೆರಗು ಹೊದ್ದುಕೊಂಡೆ.

ಇಲ್ಲಿಂದ ಮುಂದಿನದನ್ನು ನಾನು ಮದುವೆ ಮನೆಗಳಲ್ಲಿ ಹೇಳುತ್ತಿದ್ದದ್ದು ಹೀಗೆ. ನಾನು ಮಧ್ಯದ ಸೀಟಿನಲ್ಲಿದ್ದೆ, ಚಿಕ್ಕಪ್ಪ ಕಿಟಕಿಯ ಪಕ್ಕ. ಬದಲಾಯಿಸಿದರೆ ಆ ಮನುಷ್ಯ ಬಂದು ನನಗೇ ಒತ್ತಿ ಕೂರುತ್ತಾನೆ ಎಂದು ನನಗೆ ಅಳುಕು. ಆದರೂ ಅತ್ತೆಯ ಕಾಲಿಗಾಗಿ ಒಪ್ಪುವವಳಿದ್ದೆ. 'ಸೀಟು ಬದಲಾಯಿಸ್ತಾನಂತೆ' ಎಂದು ಚಿಕ್ಕಪ್ಪನಿಗೆ ಹೇಳಿದೆ. ಚಿಕ್ಕಪ್ಪ ಎದ್ದು ನಿಂತು, ನಮ್ಮ ತಲೆಯ ಮೇಲಿಂದ ಬಗ್ಗಿ, ಆ ಸೀಟನ್ನು ಮೇಲಿಂದ ಕೆಳಗೆ ನೋಡಿದ, ಜಾತ್ರೆಯಲ್ಲಿ ತೀರಾ ಕಡಿಮೆಗೆ ಸಿಗುವ ಎತ್ತಿನ ಹಲ್ಲು ನೋಡುವ ಹಾಗೆ. 'ಅಷ್ಟು ಒಳ್ಳೇ ಸೀಟಾಗಿದ್ರೆ ಇವನ್ಯಾಕೆ ಬಿಡ್ತಾನೆ? ಅದ್ರಲ್ಲಿ ಏನೋ ಐಬೈತೆ. ಬ್ಯಾಡ ಅನ್ನು' ಎಂದ. ನಾನು ಬೇಡವೆಂದೆ.

ಇಷ್ಟು ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಚಿಕ್ಕಪ್ಪ ಅಲ್ಲೇ ಇದ್ದರೆ ಅವನೂ ನಗುತ್ತಿದ್ದ.

ಯಾರಿಗೂ ಹೇಳದೆ ಬಿಟ್ಟದ್ದು ಒಂದಿದೆ. ಅತ್ತೆ ನನ್ನ ಕಡೆ ತಿರುಗಿ, "ಏನಂತೆ ಅವ್ರದ್ದು?" ಎಂದು ಕೇಳಿದ್ದಳು. "ಏನಿಲ್ಲತ್ತೆ, ಸುಮ್ನೆ ಮಾತಾಡಿಸ್ತಾರೆ" ಎಂದಿದ್ದೆ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಅವನ ಕಡೆ ನೋಡಿ ನಕ್ಕು ಕೈ ಮುಗಿದಳು. ಅವನು ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ತಲೆ ಆಡಿಸಿ, ಪುಸ್ತಕ ತೆರೆದ.

ಆಮೇಲಿನ ಏಳೆಂಟು ಗಂಟೆ ಅತ್ತೆ ಹೇಗೆ ಕಳೆದಳೋ. ಗಾಡಿ ಎರಡು ಸಲ ಅವಳ ಪಾದಕ್ಕೆ ಬಡಿಯಿತು. ಮೂರನೆಯ ಸಲಕ್ಕೆ ಅವಳೇ ಕಾಲನ್ನು ಒಳಗೆ ಎಳೆದುಕೊಂಡು, ಮುಂದಿನ ಸೀಟಿಗೆ ಒತ್ತಿ ಇಟ್ಟುಕೊಂಡಳು. ನೋಯುತ್ತಾ ಎಂದರೆ ಇಲ್ಲ ಎನ್ನುವಳು. ಕೊನೆಗೆ ಬಗ್ಗಿ ನೋಡಿದಾಗ ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು.

ಲಂಡನ್

ಇಳಿಯುವಾಗ ಅತ್ತೆಗೆ ಏಳಲಾಗಲಿಲ್ಲ. ಜನರೆಲ್ಲ ಹೋಗಲಿ ಎಂದು ಕೂತೆವು. ಎಲ್ಲರೂ ಹೋದರು. ಆಚೆ ಆ ಬಿಳಿಯ ಮತ್ತೆ ಕೂತೇ ಇದ್ದ.

ಗಗನಸಖಿ ಬಂದು ಅವನ ತಲೆಯ ಮೇಲಿನ ಪೆಟ್ಟಿಗೆ ತೆರೆದು ಒಂದು ಊರುಗೋಲು ಇಳಿಸಿದಳು. ಅವನು ಎರಡೂ ಕೈಯಿಂದ ತನ್ನ ಬಲಗಾಲನ್ನು ಹಿಡಿದು, ಮರದ ತುಂಡೊಂದನ್ನು ಎತ್ತಿಡುವ ಹಾಗೆ ದಾರಿಗೆ ತಂದಿಟ್ಟ. ಆ ಕಾಲು ಮಡಚಲಿಲ್ಲ. ಪ್ರಯಾಣದಲ್ಲಿ ಅವನು ಒಂದೆರಡು ಸಲ ಎದ್ದು ಹೋಗಿ ಬಂದದ್ದನ್ನು ನಾವು ನೋಡಿದ್ದೆವು. ಆದರೆ ವಿಮಾನದಲ್ಲಿ ನಡೆಯುವವರೆಲ್ಲ ಸೀಟು ಹಿಡಿದುಕೊಂಡು ಕುಂಟುತ್ತಲೇ ನಡೆಯುತ್ತಾರೆ, ಯಾರು ಗಮನಿಸುತ್ತಾರೆ?

ಅವನ ಬಲಗಾಲಿಗೆ ಬೇಕಾಗಿದ್ದದ್ದು ಬಲಗಡೆ ದಾರಿಯಿರುವ ಸೀಟು. ಅದು ಅತ್ತೆಯ ಹತ್ತಿರ ಇತ್ತು. ಅತ್ತೆಯ ಎಡಗಾಲಿಗೆ ಬೇಕಾಗಿದ್ದದ್ದು ಅವನ ಹತ್ತಿರ ಇತ್ತು. ಇಬ್ಬರೂ ಎದ್ದು ಒಂದೊಂದು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು.

ಅವನು ಅತ್ತೆಯ ಕಾಲು ನೋಡಿ, ತನ್ನ ಕಾಲು ನೋಡಿ, ಮತ್ತೆ ತೊಡೆ ತಟ್ಟಿದ. ಈ ಸಲ ಅದರ ಅರ್ಥ ಚಿಕ್ಕ ಮಗುವಿಗೂ ಆಗುತ್ತಿತ್ತು.

ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನೂರು ಮಾರು ದೂರದಿಂದ ಬರುವ ಎತ್ತಿನ ಯಾವ ಕಾಲು ನೋಯುತ್ತಿದೆ ಎಂದು ಹೇಳಬಲ್ಲವನು. "ಎಡದ್ದನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಕಟ್ಕೊಂಡು ಬಂದ್ಬಿಟ್ವಲ್ಲೇ ಉಮಾ" ಎಂದ. "ಅದಲುಬದಲು ಮಾಡಿದ್ರೆ ಎರಡೂ ಸುಖವಾಗಿ ಬರ್ತಿದ್ವು."

ಎರಡು ಗಾಲಿಕುರ್ಚಿ ತಂದರು. ಉದ್ದನೆಯ ಹಾದಿಯಲ್ಲಿ ಅವನನ್ನೂ ಅತ್ತೆಯನ್ನೂ ಪಕ್ಕಪಕ್ಕದಲ್ಲೇ ತಳ್ಳಿಕೊಂಡು ಹೋದರು. ಅವನ ಬಲಗಾಲು, ಇವಳ ಎಡಗಾಲು ಮುಂದಕ್ಕೆ ಚಾಚಿಕೊಂಡು. ಅತ್ತೆ ಕನ್ನಡದಲ್ಲೇ ಕೇಳಿದಳು, "ನೀವೂ ಬಣವೆ ಮ್ಯಾಲಿಂದ ಬಿದ್ರಾ?" ಅವನು ಇಂಗ್ಲಿಷಿನಲ್ಲಿ ಏನೋ ಉದ್ದವಾಗಿ ಹೇಳಿದ. ಇಬ್ಬರೂ ನಕ್ಕರು. ನಾನು ಹಿಂದೆ ಚೀಲ ಹಿಡಿದುಕೊಂಡು ಬರುತ್ತಿದ್ದೆ. ಯಾರ ಮಾತನ್ನೂ ಯಾರಿಗೂ ಹೇಳಲಿಲ್ಲ.

ಕಸ್ಟಮ್ಸಿನಲ್ಲಿ ಒಬ್ಬ ಅಧಿಕಾರಿ ಅಂಟಿನ ಉಂಡೆಯನ್ನು ಮೂಸಿ ನೋಡಿ, ಹರಳೆಣ್ಣೆಯ ಸೀಸೆಯನ್ನು ಬೆಳಕಿಗೆ ಹಿಡಿದು, ಬಾಣಂತಿ ಖಾರದ ಪೊಟ್ಟಣ ಬಿಚ್ಚಿ ಮೂರು ಸಲ ಸೀನಿದ. ನನ್ನನ್ನೇ ದಿಟ್ಟಿಸಿ ನೋಡಿದ. ಗುರುತಿಲ್ಲದವರನ್ನು ಹಾಗೆ ನೋಡಿದರೆ ಅವರಿಗೆ ಹೇಗನ್ನಿಸುತ್ತದೆ ಎಂದು ಅವತ್ತು ತಿಳಿಯಿತು.

ವಿಮಲಾಳ ಮನೆ

ಮನೆ ತಲುಪಿದ ಸಂಜೆಯೇ ಅಳಿಯ ಅತ್ತೆಯ ಕಾಲು ನೋಡಿ ಮುಖ ಗಂಭೀರ ಮಾಡಿಕೊಂಡರು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲುಂಗುರ ಕತ್ತರಿಸಿ ತೆಗೆದರು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಕಾಲು ಎತ್ತರದಲ್ಲಿಟ್ಟು ಮಲಗಿರಬೇಕು, ಅದರ ಮೇಲೆ ಭಾರ ಬೀಳಲೇಬಾರದು ಎಂದರು.

"ಎಷ್ಟು ದಿನ?" ಎಂದಳು ಅತ್ತೆ.

"ಒಂದು ತಿಂಗಳಾದ ಮೇಲೆ ನೋಡೋಣ ಅತ್ತೆ."

"ಮಗು ಭಾರ ಅಲ್ಲ ಅಲ್ವಾ? ಹೂವಿನ ಹಂಗಿರ್ತದೆ."

ಅಳಿಯ ಅವಳ ಕಾಲ ಕೆಳಗಿನ ದಿಂಬನ್ನು ಇನ್ನಷ್ಟು ಎತ್ತರಿಸಿದರು.

ಐದನೆಯ ದಿನಕ್ಕೆ ವಿಮಲಾಗೆ ಹೆಣ್ಣು ಮಗು. ಮನೆಗೆ ಬಂದ ನರ್ಸು ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ತುಂಬಿ, ಮೊಣಕೈ ಅದ್ದಿ ಬಿಸಿ ನೋಡಿ, ಹತ್ತಿಯಿಂದ ಮಗುವನ್ನು ಒರೆಸಿದಳು. ಹಾಸಿಗೆಯಿಂದಲೇ ನೋಡುತ್ತಿದ್ದ ಅತ್ತೆ, "ಪಿಂಗಾಣಿ ಬಸಿ ತೊಳೆದಂಗೆ ತೊಳೀತಾಳಲ್ಲೇ" ಎಂದಳು. ಆಮೇಲೆ ನನಗೆ ಅಪ್ಪಣೆಯಾಯಿತು. ಬಚ್ಚಲಿನ ಟೈಲ್ಸ್ ಮೇಲೆ ನಾನು ಕಾಲು ಚಾಚಿ ಕೂತೆ. ಬಾಗಿಲ ಬಳಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಸ್ಟೂಲಿನ ಮೇಲಿಟ್ಟರು.

"ಕಾಲು ಜೋಡ್ಸೇ. ಮಂಡಿ ಎತ್ಬ್ಯಾಡ. ಅಯ್ಯೋ, ಮಗಾ ಜಾರ್ತದೆ!"

ನನ್ನ ಕಾಲು ನಡುಗಿತು. ಮಗು ಕಿರುಚಿತು. ಮೂರು ದಿನ ಪ್ರಯತ್ನಪಟ್ಟೆ. ನಾಲ್ಕನೆಯ ದಿನ ವಿಮಲಾ, "ಬೇಡ ಬಿಡೇ, ನರ್ಸೇ ಮಾಡ್ಲಿ" ಎಂದಳು.

ಚಿಕ್ಕಪ್ಪ ಮಾತ್ರ ಬೇಲಿಯಾಚೆಯ ಹಸುಗಳನ್ನು ಮನಸಾರೆ ನೋಡಿದ. "ಇವಕ್ಕೆ ಬೆನ್ನ ಮ್ಯಾಲೆ ಹಿಣಿಲೇ ಇಲ್ವಲ್ಲ, ನೊಗ ಎಲ್ಲಿ ನಿಲ್ತದೆ?" ಎಂದು ಅಳಿಯನನ್ನು ಕೇಳುತ್ತಿದ್ದ. ಒಂದೆರಡು ದಿನ ಅಷ್ಟೇ. ಆಮೇಲೆ ಅವನೂ ಅತ್ತೆಯ ಮಂಚದ ಪಕ್ಕ ಕೂತು ಕಾಲಿಗೆ ದಿಂಬು ಸರಿಮಾಡುವುದರಲ್ಲೇ ದಿನ ಕಳೆದ.

ನನ್ನ ರಜೆ ಮುಗಿಯುತ್ತ ಬಂತು. ಊರಿನಲ್ಲಿ ಅತ್ತೆಯ ಗಂಡ, ನಮ್ಮ ಮಾವ, ಒಬ್ಬರೇ. ಅತ್ತೆಯೂ ನಮ್ಮ ಜೊತೆಗೇ ಹೊರಡಬೇಕಾಯಿತು. ಹೊರಡುವ ಹಿಂದಿನ ದಿನ ಅತ್ತೆ ಮಂಚದ ಮೇಲೆ ಎರಡೂ ಕಾಲು ಚಾಚಿ, "ಒಂದ್ ಗಳಿಗೆ ಮಲಗ್ಸೇ, ನಿನ್ನ ಗಂಡಂಗೆ ಹೇಳ್ಬ್ಯಾಡ" ಎಂದಳು ಮಗಳಿಗೆ. ವಿಮಲಾ ಮಗುವನ್ನು ಅವಳ ಬಲಗಾಲಿನ ಮೇಲೆ ಮಾತ್ರ ಮಲಗಿಸಿ, ತಾನೂ ಕೈ ಹಿಡಿದುಕೊಂಡಿದ್ದಳು. ಎಣ್ಣೆಯಿಲ್ಲ, ನೀರಿಲ್ಲ. ಅತ್ತೆ ಬರಿಗೈಯಲ್ಲಿ ಮಗುವಿನ ಎದೆ, ತೋಳು, ಪಾದ ನೀವಿದಳು. ಮಗು ಅಳಲಿಲ್ಲ.

ತರೀಕೆರೆ

ಇದನ್ನು ಬರೆಯಲೆಂದು ಹೋದ ತಿಂಗಳು ಹಳೆಯ ದಿನಚರಿ ತೆಗೆದೆ. ಪುಟಗಳ ನಡುವೆ ನನ್ನ ಬೋರ್ಡಿಂಗ್ ಕಾರ್ಡ್ ಇತ್ತು. ಚಿಕ್ಕಪ್ಪ ಹೆದರಿದ್ದ ಹಾಗೆಯೇ ಅಂಟುಚೀಟಿ ಉದುರಿಹೋಗಿತ್ತು. ಅದಿದ್ದ ಜಾಗದಲ್ಲಿ ಅಂಟಿನ ಹಳದಿ ಗುರುತು ಮಾತ್ರ. ನಾನು ಎಲ್ಲಿ ಕೂತಿದ್ದೆ ಎಂದು ಆ ಕಾರ್ಡು ಹೇಳಲಾರದು.

ಆದರೆ ಪುಟ ಹೇಳುತ್ತದೆ. ಆ ದಿನದ ಪುಟದಲ್ಲಿ ರೆಕ್ಕೆಯ ತುದಿಯ ಬಗ್ಗೆ, ಕೆಳಗೆ ಕಂಡ ಹಿಮದ ಬೆಟ್ಟಗಳ ಬಗ್ಗೆ, ಅವುಗಳ ನೆರಳು ಕಣಿವೆಗೆ ಬಿದ್ದ ಬಗೆಯ ಬಗ್ಗೆ ಹತ್ತು ಸಾಲು ಬರೆದಿದ್ದೇನೆ. ಗಾಜು ತಣ್ಣಗಿತ್ತು, ಹಣೆ ಆನಿಸಿಕೊಂಡು ನೋಡಿದೆ ಎಂದಿದೆ. ಕಿಟಕಿಯ ಪಕ್ಕ ಕೂತಿದ್ದವಳು ನಾನು. ಮಧ್ಯದಲ್ಲಿ ಇದ್ದವನು ಚಿಕ್ಕಪ್ಪ. ಆ ಬಿಳಿಯ ಬಂದಿದ್ದರೆ ಚಿಕ್ಕಪ್ಪನ ಪಕ್ಕ ಕೂರುತ್ತಿದ್ದ. ನನಗೆ ಯಾವ ಅಳುಕಿಗೂ ಕಾರಣವಿರಲಿಲ್ಲ.

ಅದರ ಕೆಳಗೆ ಎರಡೇ ಸಾಲು. "ಆಚೆ ಕೂತವನು ತೊಡೆ ತಟ್ಟಿ ಸೀಟು ಬದಲಾಯಿಸೋಣವೆಂದ. ಬೇಡವೆಂದೆ." ಚಿಕ್ಕಪ್ಪನ ಹೆಸರಿಲ್ಲ. ಐಬಿನ ಮಾತಿಲ್ಲ, ಎತ್ತಿನ ಹಲ್ಲಿನ ಮಾತಿಲ್ಲ. ಅಷ್ಟು ಚೆನ್ನಾದ ಮಾತನ್ನು ಚಿಕ್ಕಪ್ಪ ಆಡಿದ್ದರೆ ನಾನು ಬರೆಯದೆ ಬಿಡುತ್ತಿದ್ದೆನೇ? ಕಡೂರಿನವರೆಲ್ಲರ ಮಾತನ್ನು ಬರೆದುಕೊಂಡವಳು ನಾನು. ಕೌಂಟರಿನಲ್ಲಿ ಪಕ್ಕ ತಪ್ಪಿಸಿದ್ದು ನಾನು. ಎದ್ದು ಸೀಟು ಬದಲಾಯಿಸಿದರೆ ವ್ಯಾಗನ್ನಿನ ಲೆಕ್ಕವೇ ಸರಿ, ನನ್ನದೇ ತಪ್ಪು ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅದಕ್ಕೇ ಬೇಡವೆಂದೆನೇ? ಅಥವಾ ಬರೆಯುವಾಗ ಆಯಾಸವಾಗಿ ಬರೀ ಎರಡು ಸಾಲಿಗೆ ನಿಲ್ಲಿಸಿದೆನೇ? ಆ ಪುಟದಿಂದ ಇನ್ನೇನೂ ತಿಳಿಯುವುದಿಲ್ಲ.

ಚಿಕ್ಕಪ್ಪ ಈಗ ತರೀಕೆರೆಯಲ್ಲಿ ಮನೆ ಮಾಡಿದ್ದಾನೆ. ಒಂದು ಹಸು ಕಟ್ಟಿದ್ದಾನೆ. ಹೋದ ಭಾನುವಾರ ಹೋದೆ. ಕೊಟ್ಟಿಗೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಸುವಿನ ಗೊರಸು ಕೆರೆಯುತ್ತಿದ್ದ.

"ಏನವ್ವಾ, ಬರವಣಿಗೆ ಎಲ್ಲಿಗೆ ಬಂತು?" ಎಂದ.

"ವಿಮಾನದೊಳಗೆ ಇದೀವಿ" ಎಂದೆ.

"ನನ್ನ ಚೆಂದಾಗಿ ಬರಿ. ಜನ ನಗ್ಲಿ."

ದಿನಚರಿ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಇಷ್ಟು ವರ್ಷ ನನ್ನ ಎದುರಿಗೆ, ಅತ್ತೆಯ ಎದುರಿಗೆ, ನೂರಾರು ಜನರ ಎದುರಿಗೆ ಈ ಕಥೆ ಕೇಳಿ ಅವನು ಒಂದು ಸಲವೂ ಹೌದು ಎಂದಿಲ್ಲ, ಅಲ್ಲ ಎಂದಿಲ್ಲ, ನಕ್ಕಿದ್ದಾನೆ ಅಷ್ಟೇ. ಅದು ನನಗೆ ಹೊಳೆದದ್ದೇ ಆಗ. ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಕೇಳಿದೆ. ಅವನು ಹಿಡಿದಿದ್ದ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಹಸುವಿನ ಇನ್ನೊಂದು ಪಕ್ಕಕ್ಕೆ ಹೋಗಿ ಕೂತು, ಆ ಪಕ್ಕದ ಕಾಲು ಎತ್ತಿಕೊಂಡ. ಚಿಕ್ಕಮ್ಮ ಒಳಗಿನಿಂದ ಕಾಫಿಗೆ ಕರೆದಳು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಅವತ್ತು 'ಬ್ಯಾಡ ಅನ್ನು' ಅಂತ ನೀನು ಹೇಳಿದ್ದು ಹೌದಾ?"